‘ತಜ್ಞ’ ಶಬ್ದದ ವಿಚಾರ

ಈಚಿನ ವರ್ಷಗಳಲ್ಲಿ ಕನ್ನಡದ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ‘ತಜ್ಞ’ ಎಂಬ ಶಬ್ದಕ್ಕೆ ದೊರೆತಿರುವ ಮನ್ನಣೆ ಸಾಮಾನ್ಯವಾದುದಲ್ಲ. ಬೆಲೆ ಏರಿದರೆ ತಜ್ಞರು ಕಾರಣ ಹೇಳುವರು. ಮಳೆ ತಪ್ಪಿದರೆ ತಜ್ಞರು ಎಚ್ಚರಿಸುವರು. ತೋಟಕ್ಕೆ ರೋಗ ತಗುಲಿದರೆ ತಜ್ಞರ ತಂಡವು ಬಂದುಹೋಗುವುದು. ಇವರು ಯಾವುದರಲ್ಲಿ ತಜ್ಞರೆಂಬುದನ್ನು ಬರೆದವರು ಹೇಳುವುದಿಲ್ಲ, ಓದಿದವರು ಕೇಳುವುದಿಲ್ಲ. ಶಬ್ದವೊಂದು ಇಷ್ಟು ಸುಲಭವಾಗಿ ಗೌರವವನ್ನು ಗಳಿಸುತ್ತಿರುವಾಗ ಅದನ್ನು ಒರೆಗೆ ಹಚ್ಚಿ ನೋಡುವುದು ವಿಮರ್ಶೆಯ ಕರ್ತವ್ಯವಾಗಿದೆ.

ಸಂಸ್ಕೃತದಲ್ಲಿ ‘ತತ್’ ಎಂದರೆ ಅದು, ‘ಜ್ಞ’ ಎಂದರೆ ಬಲ್ಲವನು. ‘ಅದನ್ನು ಬಲ್ಲವನು’ ತಜ್ಞ. ‘ಅದು’ ಎಂಬುದು ಸರ್ವನಾಮವಷ್ಟೆ. ಮೊದಲು ಹೆಸರೊಂದು ಬಂದಿಲ್ಲವಾದರೆ ಸರ್ವನಾಮಕ್ಕೆ ನೆಲೆಯಿಲ್ಲ. ನೇತ್ರತಜ್ಞ, ಭೂಗರ್ಭತಜ್ಞ ಎಂದಾಗ ಮಾತು ನೆಲೆಗೊಳ್ಳುವುದು. ಬರಿಯ ‘ತಜ್ಞ’ ಎಂದಾಗ ಉಳಿಯುವುದು ಗೌರವವೊಂದೇ. ‘ಪ್ರವೀಣ’, ‘ಕುಶಲ’ ಎಂಬ ಶಬ್ದಗಳ ಸ್ಥಿತಿ ಬೇರೆ. ವೀಣೆಯಲ್ಲಿ ಪಳಗಿದವನು ಪ್ರವೀಣ, ದರ್ಭೆಯನ್ನು ಕೊಯ್ದು ತರಬಲ್ಲವನು ಕುಶಲ ಎಂದು ಆಲಂಕಾರಿಕರು ವಿವರಿಸಿರುವರು. ರೂಢಿಯಿಂದ ಅವುಗಳ ಅರ್ಥ ಹಿಗ್ಗಿತಾದರೂ ಹುಟ್ಟಿನಲ್ಲಿ ಅವು ಒಂದೊಂದು ಕೆಲಸವನ್ನು ಹಿಡಿದುಕೊಂಡೇ ಬಂದುವು. ‘ತಜ್ಞ’ ಶಬ್ದವು ಬರಿಗೈಯಲ್ಲಿ ಹುಟ್ಟಿದುದು; ಅದರ ಕೈಯನ್ನು ತುಂಬಬೇಕಾದವನು ಬಳಸುವವನೇ.

ಕನ್ನಡದ ಪದ್ಧತಿಯಾದರೋ ಮೊದಲಿನಿಂದಲೂ ಸ್ಪಷ್ಟವಾದುದು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತದ್ಧಿತಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಗಾರ, ಇಗ ಮುಂತಾದ ಪ್ರತ್ಯಯಗಳು ಹೆಸರನ್ನು ಹಿಡಿಯದೆ ನಿಲ್ಲಲಾರವು: ಬಳೆಗಾರ, ಮಾಲೆಗಾರ, ಗಾಣಿಗ. ಬರಿಯ ‘ಗಾರ’ನೆಂಬವನು ಕನ್ನಡನಾಡಿನಲ್ಲಿ ಎಲ್ಲಿಯೂ ಇಲ್ಲ. ಸೀತೂರು, ಕೊಪ್ಪ, ಶೃಂಗೇರಿಯ ಕಡೆಯ ಅಡಕೆತೋಟದಲ್ಲಿ ಕೊನೆಗಾರನೆಂದರೆ ಮರವೇರಿ ಕೊನೆ ಇಳಿಸುವವನೆಂದು ಮಕ್ಕಳೂ ಬಲ್ಲರು. ಮಳೆಗಾಲಕ್ಕೆ ಮುನ್ನ ಕೊನೆಗೆ ಕೊಟ್ಟೆ ಕಟ್ಟುವ ಕೈಯೂ ಅವನದೇ. ಆದರೆ ಸುಲಿದ ಅಡಕೆಯಲ್ಲಿ ಹಸ ಯಾವುದು, ಬೆಟ್ಟೆ ಯಾವುದು ಎಂಬ ತೀರ್ಮಾನವನ್ನು ಅವನು ಕೊನೆಗಾರನೆಂಬ ಕಾರಣಕ್ಕಾಗಿ ಯಾರೂ ಅವನಿಗೆ ಒಪ್ಪಿಸುವುದಿಲ್ಲ. ಹೆಸರು ಅವನ ಬಲ್ಮೆಯನ್ನು ಸಾರುವುದಲ್ಲದೆ ಅದರ ಎಲ್ಲೆಯನ್ನೂ ಗುರುತಿಸುವುದು.

ವಿದ್ಯಾವಂತರು ಈ ಎಲ್ಲೆಯನ್ನು ‘ಕ್ಷೇತ್ರ’ವೆನ್ನುವರು. ಮಲೆನಾಡಿನವರಿಗೆ ಕ್ಷೇತ್ರವೆಂದರೆ ಮೊದಲು ನೆನಪಾಗುವುದು ಶೃಂಗೇರಿ, ಹೊರನಾಡು. ಭಗವದ್ಗೀತೆಯ 13ನೆಯ ಅಧ್ಯಾಯದಲ್ಲಿ ಕ್ಷೇತ್ರವೆಂದರೆ ಶರೀರ. ಅದನ್ನು ಅರಿತವನು ಕ್ಷೇತ್ರಜ್ಞ. ಮೂಲದಲ್ಲಿ ಅದು ಉಳುವ ಹೊಲ. ಹೊಲಕ್ಕೆ ಬದುವುಂಟು. ‘ಶಿಕ್ಷಣ ಕ್ಷೇತ್ರದ ತಜ್ಞ’ರೆಂಬ ಮಾತಿನಲ್ಲಿ ಆ ಬದು ಕಾಣದು, ಗಣಿತ ಕಲಿಸಿದವರೋ, ಶಾಲೆಗಳ ಲೆಕ್ಕ ನೋಡಿದವರೋ ತಿಳಿಯುವುದಿಲ್ಲ.

ಇದು ಬರಿಯ ವ್ಯಾಕರಣದ ಚರ್ಚೆಯಲ್ಲವೆಂಬುದಕ್ಕೆ ಅಡಕೆಯ ಚರಿತ್ರೆಯೇ ಸಾಕ್ಷಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಶಿಲೀಂಧ್ರ ಮತ್ತು ಕೀಟಗಳ ಶಾಸ್ತ್ರವನ್ನು ಬಲ್ಲವರೆಂದೇ ನೇಮಕವಾದವರು. 1910ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿ ರೈತರ ‘ಕೊಳೆರೋಗ’ವೆಂಬ ಮಾತೇ ನಿಂತಿತು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಉಪಾಯವು ಬಳಕೆಗೆ ಬಂದುದೂ ಅವರ ಕಾಲದಲ್ಲಿಯೇ. ರೋಗದ ಕಾರಣವನ್ನು ಶಾಸ್ತ್ರಜ್ಞರು ಬಲ್ಲರು. ನುಣುಪಾದ ಮರವನ್ನೇರಿ ಔಷಧವನ್ನು ಕೊನೆಗೆ ಮುಟ್ಟಿಸುವುದನ್ನು ಕೊನೆಗಾರನು ಬಲ್ಲನು. ಒಬ್ಬರ ಬಲ್ಮೆ ನಿಂತ ಕಡೆಯಲ್ಲಿ ಮತ್ತೊಬ್ಬರದು ತೊಡಗಿದುದರಿಂದ ಫಸಲು ಉಳಿಯಿತು.

ಈಗ ಕೊಪ್ಪ, ಶೃಂಗೇರಿಯ ತೋಟಗಳನ್ನು ಹಳದಿ ಎಲೆ ರೋಗವೂ ಎಲೆಚುಕ್ಕೆ ರೋಗವೂ ಕಾಡುತ್ತಿರುವುವು. ‘ತಜ್ಞರ ಸಲಹೆ’ ಎಂಬ ತಲೆಬರಹವನ್ನು ಓದಿ ಔಷಧಕ್ಕೆ ಹಣ ಸುರಿಯುವ ಗೃಹಸ್ಥನಿಗೆ, ಸಲಹೆಯಿತ್ತವರು ಸಸ್ಯರೋಗವನ್ನು ಬಲ್ಲವರೋ, ಮಣ್ಣನ್ನು ಬಲ್ಲವರೋ, ಮಾರುಕಟ್ಟೆಯನ್ನು ಬಲ್ಲವರೋ ತಿಳಿಯಬೇಡವೆ? ಸಸಿ ನೆಟ್ಟು ಹಲವು ವರ್ಷ ಕಾದ ಮೇಲೆ ಫಲ ಕೊಡುವ ಮರಗಳವು; ತಪ್ಪು ಸಲಹೆಯ ನಷ್ಟವನ್ನು ಒಂದು ಬೆಳೆಯಲ್ಲಿ ತುಂಬಿಕೊಳ್ಳಲಾಗದು.

‘ತಜ್ಞ’ ಶಬ್ದವನ್ನು ಬಹಿಷ್ಕರಿಸಬೇಕಾದುದಿಲ್ಲ. ಹೃದ್ರೋಗತಜ್ಞ, ಸಸ್ಯರೋಗತಜ್ಞ ಎಂಬಲ್ಲಿ ಅದು ಕನ್ನಡಕ್ಕೆ ಬೇಕಾದ ಶಬ್ದವೇ. ಬರೆಯುವವರು ಅದರ ಹಿಂದೆ ಹೆಸರೊಂದನ್ನು ಇಡಲಿ. ಇಡದಿದ್ದಲ್ಲಿ ಓದುವವರು ‘ಯಾವುದರಲ್ಲಿ?’ ಎಂದು ಕೇಳಲಿ.