ನಾದವದೇ, ನೋಟ ಬೇರೆ

ನೀಲಾಂಜನೆಯ ನೃತ್ಯಪ್ರಸಂಗವನ್ನು ಕೇಳಿರದ ಜೈನ ಮನೆಗಳು ವಿರಳ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದ ಮೂಲಕ ಕನ್ನಡಿಗರಿಗಂತೂ ಅದು ಚಿರಪರಿಚಿತ. ಆದಿದೇವನಲ್ಲಿ ವೈರಾಗ್ಯ ಮೂಡಲೆಂದು ಇಂದ್ರನು ಆಯುಷ್ಯ ತೀರಲಿದ್ದ ನರ್ತಕಿಯನ್ನು ಸಭೆಯಲ್ಲಿ ಕುಣಿಸುತ್ತಾನೆ. ನೃತ್ಯದ ನಡುವೆಯೇ ಅವಳು ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಅವಳನ್ನೇ ಹೋಲುವ ಮತ್ತೊಬ್ಬಳು ಆ ಕ್ಷಣದಲ್ಲಿಯೇ ಅಲ್ಲಿ ನಿಂತು ನೃತ್ಯವನ್ನು ಮುಂದುವರಿಸುತ್ತಾಳೆ. ಸಭೆ ಇದನ್ನು ಅರಿಯದು, ಆದಿದೇವನೊಬ್ಬನೇ ಅರಿಯುತ್ತಾನೆ.

ಕಾವ್ಯದಲ್ಲಿ ದೇವೇಂದ್ರನಿಗೆ ಮಾತ್ರ ಸಾಧ್ಯವಾಗಿದ್ದ ಈ ಕೌಶಲ ಇಂದು ಮನೆಯ ಕಂಪ್ಯೂಟರಿನಲ್ಲಿದೆ. ಪೂಜೆ, ಪ್ರವಚನ, ಉಪನಯನ, ಯಾತ್ರೆ ಮೊದಲಾದವುಗಳ ವಿಡಿಯೋ ಚಿತ್ರಣವನ್ನು ಸಂಕಲಿಸುವಾಗ, ಮೂಲಧ್ವನಿಯನ್ನು ಹಾಗೆಯೇ ಉಳಿಸಿಕೊಂಡು ಅದರ ಮೇಲಿನ ದೃಶ್ಯವನ್ನು ಮಾತ್ರ ಬದಲಾಯಿಸುವ ಕ್ರಮ ಈಗ ಸರ್ವಸಾಮಾನ್ಯವಾಗಿದೆ. ಐಮೂವಿ, ಶಾಟ್‌ಕಟ್, ಡಾವಿಂಚಿ ರಿಸಾಲ್ವ್ ಮುಂತಾದ ತಂತ್ರಾಂಶಗಳಲ್ಲಿ ಬೇರೊಂದು ದೃಶ್ಯತುಣುಕನ್ನು ಮೂಲದ ಮೇಲಿನ ಸಾಲಿನಲ್ಲಿ ಇರಿಸಿ, ಅದರ ಸ್ವಂತ ಧ್ವನಿಯನ್ನು ಅಡಗಿಸಿದರೆ ಕಾರ್ಯ ಮುಗಿಯಿತು. ಕೆಳಗಿನ ಧ್ವನಿ ಕೇಳುತ್ತಲೇ ಇರುತ್ತದೆ. ಕಣ್ಣು ಮಾತ್ರ ಬೇರೆ ಕಡೆ ಇರುತ್ತದೆ.

ಈ ಕೆಲಸ ಸುಲಭವೆಂದು ತೋರಿದರೂ ಕೆಡುವುದು ಬಹು ಬೇಗ. ಮೂಲದಲ್ಲಿ ಎಂಟು ಸೆಕೆಂಡುಗಳ ದೃಶ್ಯವನ್ನು ಕತ್ತರಿಸಿ ತೆಗೆದು, ಅಲ್ಲಿ ಆರು ಸೆಕೆಂಡುಗಳದನ್ನು ಸೇರಿಸಿದರೆ, ಮುಂದಿನ ದೃಶ್ಯವೆಲ್ಲ ಎರಡು ಸೆಕೆಂಡು ಮೊದಲೇ ಬಂದುಬಿಡುತ್ತದೆ. ಆಗ ತುಟಿ ಒಂದು ನುಡಿಯುತ್ತದೆ, ಧ್ವನಿ ಇನ್ನೊಂದು. ಮೇಲಿನ ಸಾಲಿನಲ್ಲಿ ಇರಿಸುವ ಕ್ರಮ ಒಳ್ಳೆಯದೆನ್ನುವುದು ಇದಕ್ಕಾಗಿಯೇ. ಅದರಲ್ಲಿ ಕೆಳಗಿನ ಕಾಲಮಾನ ಕದಲುವುದಿಲ್ಲ. ಧ್ವನಿಯು ದೃಶ್ಯಕ್ಕಿಂತ ಸೆಕೆಂಡಿನ ಸಾವಿರದಲ್ಲಿ 45 ಭಾಗದಷ್ಟು ಮುಂದಾದರೆ ನೋಡುಗರಿಗೆ ತಿಳಿಯತೊಡಗುತ್ತದೆ, ಹಿಂದಾದರೆ 125 ಭಾಗದವರೆಗೆ ತಿಳಿಯದು ಎಂಬುದು ಪ್ರಸಾರತಂತ್ರದಲ್ಲಿ ಅಂಗೀಕೃತವಾದ ಅಳತೆ. ದೂರದ ಶಬ್ದ ತಡವಾಗಿ ಬರುವುದು ಲೋಕಸಹಜವಾದ್ದರಿಂದ ಕಿವಿ ಅಷ್ಟನ್ನು ಕ್ಷಮಿಸುತ್ತದೆ.

ತಂತ್ರದ ದೋಷ ಕಣ್ಣಿಗೆ ಕಾಣುತ್ತದೆ. ವಿಚಾರಾರ್ಹವಾದುದು ದೋಷವಿಲ್ಲದೆ ನಡೆದ ಬದಲಾವಣೆ. ಶ್ರವಣಬೆಳಗೊಳದಲ್ಲಿ 2018ರಲ್ಲಿ ಜರುಗಿದ ಮಹಾಮಸ್ತಕಾಭಿಷೇಕವನ್ನು ಅಸಂಖ್ಯ ಕುಟುಂಬಗಳು ಮೊಬೈಲಿನಲ್ಲಿ ಚಿತ್ರಿಸಿಕೊಂಡವು. ಅಂತಹ ಚಿತ್ರಣದಲ್ಲಿ ಮಂತ್ರಘೋಷ ಸ್ಪಷ್ಟವಾಗಿದ್ದು ದೃಶ್ಯದಲ್ಲಿ ಮುಂದಿನವರ ತಲೆಯೋ ಛತ್ರಿಯೋ ಅಡ್ಡವಾಗಿರುವುದು ಸಹಜ. ಆ ಕೆಲವು ಕ್ಷಣಗಳಿಗೆ ಬೆಟ್ಟದ ದೃಶ್ಯವನ್ನೋ ಕೈಮುಗಿದು ನಿಂತ ಜನರನ್ನೋ ತೋರಿಸಿದರೆ ಆಕ್ಷೇಪಿಸುವವರು ಯಾರೂ ಇರಲಾರರು. ಧ್ವನಿಯು ದೃಶ್ಯದ ನೆರಳಿನಂತೆ ಹಿಂಬಾಲಿಸಬೇಕಾಗಿಲ್ಲವೆಂದು ಐಸೆನ್‌ಸ್ಟೈನ್, ಪುದೋವ್ಕಿನ್, ಅಲೆಕ್ಸಾಂದ್ರೋವ್ ಎಂಬ ರಷ್ಯದ ಮೂವರು ನಿರ್ದೇಶಕರು 1928ರಷ್ಟು ಹಿಂದೆಯೇ ಹೇಳಿದ್ದಾರೆ.

ಆದರೆ ಅಭಿಷೇಕಕ್ಕೆ ಒಂದು ಕ್ರಮವಿದೆ. ಜಲ, ಎಳನೀರು, ಕಬ್ಬಿನ ಹಾಲು, ಹಾಲು ಇವುಗಳ ಬಳಿಕ ಕಲ್ಕಚೂರ್ಣ, ಅರಿಸಿನ. ಆಮೇಲೆ ಕಷಾಯ, ಚಂದನಾದಿಗಳು. ಅರಿಸಿನದಿಂದ ಹೊನ್ನಿನ ಬಣ್ಣ ತಾಳಿದ ಬಾಹುಬಲಿಯ ನಡುವೆ, ಅಂದವಾಗಿದೆಯೆಂಬ ಒಂದೇ ಕಾರಣದಿಂದ, ಹಾಲಿನ ಧಾರೆಯ ದೃಶ್ಯವನ್ನು ತಂದಿರಿಸುವ ಸಂಕಲನಕಾರನಿಗೆ ಕ್ರಿಯೆಯ ಅರ್ಥವೇ ತಿಳಿದಿಲ್ಲವೆನ್ನಬೇಕು. ಇನ್ನೂ ಸೂಕ್ಷ್ಮವಾದುದು ಕಲಶದ ಸಂಗತಿ. ಒಂದು ಕುಟುಂಬವು ಕಲಶವನ್ನು ಸಮರ್ಪಿಸಿದ ದಿನದ ಸಂಕಲ್ಪ, ಆ ಮನೆಯವರ ಹೆಸರು, ಗೋತ್ರ ಧ್ವನಿಯಲ್ಲಿವೆ, ದೃಶ್ಯ ಮಬ್ಬು. ಅದರ ಮೇಲೆ ಬೇರೊಂದು ದಿನ ಬೇರೊಬ್ಬರು ಎರೆದ ಕಲಶದ ನಿಚ್ಚಳ ದೃಶ್ಯವನ್ನು ಇರಿಸಲಾಗುತ್ತದೆ. ಹೆಸರು ಇವರದು, ಕೈ ಮತ್ತೊಬ್ಬರದು. ಮೂವತ್ತು ವರ್ಷಗಳ ಬಳಿಕ ಮೊಮ್ಮಕ್ಕಳು ಆ ಕೈಯನ್ನೇ ಅಜ್ಜನ ಕೈಯೆಂದು ನಮಸ್ಕರಿಸುವರು.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನ ಬರೆದ ಪೂಜ್ಯಪಾದಾಚಾರ್ಯರು ಇದನ್ನು ವಿವರಿಸುವಾಗ, ಇನ್ನೊಬ್ಬನು ನುಡಿಯದುದನ್ನು ನುಡಿದನೆಂದೂ ಮಾಡದುದನ್ನು ಮಾಡಿದನೆಂದೂ ವಂಚನೆಯ ನಿಮಿತ್ತವಾಗಿ ಬರೆಯುವುದು ಎಂಬ ಅರ್ಥವನ್ನು ಹೇಳುತ್ತಾರೆ. ಬರೆಯುವ ಸಾಧನ ಓಲೆಯೋ ಕಾಗದವೋ ವಿಡಿಯೋ ಕಡತವೋ ಎಂಬುದು ಇಲ್ಲಿ ಮುಖ್ಯವಲ್ಲ. ವಂಚನೆಯ ನಿಮಿತ್ತ ಎಂಬ ಮಾತು ಮುಖ್ಯ. ಕೈಮುಗಿದ ಜನರ ದೃಶ್ಯ ಯಾರನ್ನೂ ವಂಚಿಸುವುದಿಲ್ಲ; ಕಲಶದ ಕೈ ವಂಚಿಸುತ್ತದೆ, ಅದನ್ನು ಪ್ರೀತಿಯಿಂದಲೇ ಇರಿಸಿದ್ದರೂ ಸಹ. ಅಡಿಯಲ್ಲಿ ದಿನಾಂಕದೊಡನೆ ಒಂದು ಸಾಲು ಬರೆದಿದ್ದರೆ ಆ ದೋಷ ಇರುತ್ತಿರಲಿಲ್ಲ.

ಮುನಿಗಳ ಪ್ರವಚನಗಳ ಸಂಕಲನದಲ್ಲಿ ಇದಕ್ಕಿಂತ ಗಹನವಾದ ಪ್ರಶ್ನೆಯೊಂದು ಅಡಗಿದೆ. ಒಂದು ಗಂಟೆಯ ಪ್ರವಚನವನ್ನು ಹತ್ತು ನಿಮಿಷಕ್ಕೆ ಇಳಿಸುವಾಗ ನಡುವಿನ ಮಾತುಗಳನ್ನು ತೆಗೆಯಲೇಬೇಕು. ತೆಗೆದ ಕಡೆ ವಕ್ತಾರರ ತಲೆಯೋ ಕೈಯೋ ತಟ್ಟನೆ ಜಿಗಿದಂತೆ ಕಾಣುತ್ತದೆ. ನೋಡುವವನಿಗೆ ಇಲ್ಲಿ ಏನೋ ಬಿಟ್ಟುಹೋಗಿದೆಯೆಂದು ತಿಳಿಸುವ ಪ್ರಾಮಾಣಿಕವಾದ ಗುರುತು ಅದು. ಆ ಜಿಗಿತವನ್ನು ಮುಚ್ಚಲು ತಲೆದೂಗುವ ಶ್ರಾವಕರ ದೃಶ್ಯವನ್ನು ಅಲ್ಲಿ ಹೊದಿಸಲಾಗುತ್ತದೆ. ಮೂಲಧ್ವನಿ ಉಳಿದಿದೆಯೆಂದು ನೋಡುಗನು ನಂಬುತ್ತಾನೆ. ನಿಜವಾಗಿ ಧ್ವನಿಯನ್ನು ಕತ್ತರಿಸಿದ ಗಾಯವನ್ನು ಮರೆಮಾಡಲೆಂದೇ ದೃಶ್ಯ ಬದಲಾಗಿರುತ್ತದೆ. ಈ ಉಪಾಯದ ಬಗ್ಗೆ ಸಂಕಲನ ಕಲಿಸುವವರು ಹೆಮ್ಮೆಯಿಂದ ಹೇಳುವುದುಂಟು.

ಪ್ರವಚನದಲ್ಲಿ ಹೋಗುವುದು ಯಾವ ಮಾತು? ಬಹುಮಟ್ಟಿಗೆ ‘ನಿಶ್ಚಯನಯದಿಂದ ನೋಡಿದರೆ’, ‘ವ್ಯವಹಾರದಲ್ಲಿಯಾದರೋ’ ಎಂಬಂತಹ ಉಪಾಧಿಯ ಮಾತುಗಳು. ಅವು ಉದ್ದವೆನಿಸುತ್ತವೆ, ವೇಗವನ್ನು ತಗ್ಗಿಸುತ್ತವೆ. ಪುಣ್ಯವೂ ಬಂಧವೇ ಎಂಬ ಮಾತು ನಿಶ್ಚಯನಯದ ಉಪಾಧಿಯೊಡನೆ ಶಾಸ್ತ್ರಸಮ್ಮತ. ಉಪಾಧಿಯನ್ನು ಕಳೆದರೆ ದಾನಪೂಜೆಗಳ ನಿರಾಕರಣೆಯಂತೆ ಕೇಳಿಸುತ್ತದೆ. ಸ್ಯಾದ್ವಾದವನ್ನು ಬೋಧಿಸಿದ ಪ್ರವಚನ ನಾಲ್ಕು ಸೆಕೆಂಡುಗಳ ಶ್ರೋತೃಸಮೂಹದ ದೃಶ್ಯದ ಮರೆಯಲ್ಲಿ ಏಕಾಂತವಾದವಾಗಿ ಹೊರಬರುತ್ತದೆ. ಆಡಿದವರು ಅದೇ ಮುನಿಗಳು, ಧ್ವನಿ ಅವರದೇ, ಒಂದಕ್ಷರವೂ ಹೊಸದಾಗಿ ಸೇರಿಲ್ಲ.

ಇದನ್ನು ಕೂಟಲೇಖವೆನ್ನುವುದಕ್ಕಿಂತ ಅದರ ಮುಂದಿನ ಅತಿಚಾರವಾದ ನ್ಯಾಸಾಪಹಾರವೆನ್ನುವುದೇ ಹೆಚ್ಚು ಸರಿ. ಒತ್ತೆಯಿಟ್ಟವನು ತಾನಿಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಅಷ್ಟೇ ಸರಿಯೆಂದು ಒಪ್ಪಿ ಕೊಟ್ಟು ಕಳಿಸುವುದು ಅದರ ಸ್ವರೂಪ. ಅಲ್ಲಿ ಸುಳ್ಳು ನಾಣ್ಯವೊಂದೂ ಇಲ್ಲ, ಕೊಟ್ಟದ್ದೆಲ್ಲ ಅಸಲಿ. ಆದರೂ ವ್ರತ ಕೆಟ್ಟಿತು. ಪ್ರವಚನವನ್ನು ಧ್ವನಿಮುದ್ರಿಸಿಕೊಳ್ಳಲು ಅನುಮತಿ ಪಡೆದ ಬಸದಿಯ ಟ್ರಸ್ಟು ಒಂದು ನ್ಯಾಸವನ್ನೇ ಸ್ವೀಕರಿಸಿದೆ.

ಇದರಿಂದ ದೃಶ್ಯ ಬದಲಾಯಿಸುವುದೇ ತಪ್ಪೆಂದು ತಿಳಿಯುವುದು ಇನ್ನೊಂದು ಏಕಾಂತವಾದೀತು. ಸಲ್ಲೇಖನವ್ರತ ಸ್ವೀಕರಿಸಿದ ಹಿರಿಯರೊಬ್ಬರ ಕೊನೆಯ ದಿನಗಳ ಚಿತ್ರಣವನ್ನು ಭಾವಿಸಬಹುದು. ಕೃಶವಾದ ದೇಹವನ್ನು ನೆರೆದವರ ಮುಂದೆ ಪರದೆಯ ಮೇಲೆ ತೋರಿಸಲು ಮನೆಯವರಿಗೆ ಮನಸ್ಸಾಗದು. ಕ್ಷಮಾಪಣೆಯ ಮಾತು, ಪಂಚನಮಸ್ಕಾರ, ಸ್ವೇಚ್ಛೆಯಿಂದ ವ್ರತವನ್ನು ಸ್ವೀಕರಿಸಿದ ನುಡಿ ಇವೆಲ್ಲ ಧ್ವನಿಯಲ್ಲಿ ಉಳಿದು, ದೃಶ್ಯದಲ್ಲಿ ಅವರು ನಿತ್ಯ ದರ್ಶನಕ್ಕೆ ಹೋಗುತ್ತಿದ್ದ ಬಸದಿ ಕಂಡರೆ ಅದು ಕರುಣೆಯ ಸಂಕಲನ. ಆದರೆ ಅಲ್ಲಿಯೇ ಧ್ವನಿಯಿಂದ ಒಂದು ಹಿಂಜರಿಕೆಯನ್ನೋ ಒಂದು ಪ್ರಶ್ನೆಯನ್ನೋ ತೆಗೆದು ಬಸದಿಯ ದೃಶ್ಯದಿಂದ ಮುಚ್ಚಿದರೆ? 2015ರ ಆಗಸ್ಟಿನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ ಆಚರಣೆಯನ್ನು ಅಪರಾಧವೆಂದು ತೀರ್ಪಿತ್ತು, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿದುದನ್ನು ಸಮಾಜ ಮರೆತಿಲ್ಲ. ಅಂದಿನ ವಾದವಿವಾದದ ಒಂದು ತಿರುಳು ಸ್ವೇಚ್ಛೆಯ ಪ್ರಶ್ನೆಯೇ ಆಗಿತ್ತು. ಸ್ವೇಚ್ಛೆಗೆ ಸಾಕ್ಷಿಯಾಗಬೇಕಾದ ಧ್ವನಿಯಲ್ಲಿ ಒಂದೇ ಒಂದು ಅಡಗಿಸಿದ ಹೊಲಿಗೆ ಕಂಡುಬಂದರೂ, ಇಡೀ ದಾಖಲೆಯನ್ನು ಯಾರೂ ನಂಬಲಾರರು. ವ್ರತಿಯ ನಿಜವಾದ ದೃಢತೆಯೂ ಸಂಶಯಕ್ಕೆ ಈಡಾಗುವುದು.

ಇಂದ್ರನ ಉಪಾಯಕ್ಕೂ ಈ ಸಂಕಲನಗಳಿಗೂ ಇರುವ ವ್ಯತ್ಯಾಸ ಇಲ್ಲಿ ಗಮನಾರ್ಹ. ಅವನು ಸಭೆಯ ರಸವನ್ನು ಕಾಪಾಡಿದನು, ಆದರೆ ಅರಿಯಬೇಕಾದವನು ಅರಿಯಲೆಂದೇ ಆ ನಾಟಕವನ್ನು ಹೂಡಿದ್ದನು. ಮನೆಯ ಸಂಕಲನಕಾರನು ಯಾರೊಬ್ಬರೂ ಅರಿಯದಿರಲೆಂದು ಶ್ರಮಿಸುತ್ತಾನೆ.

ಬಸದಿಯ ಟ್ರಸ್ಟುಗಳು ಇದಕ್ಕಾಗಿ ದೊಡ್ಡ ವೆಚ್ಚವನ್ನೇನೂ ಮಾಡಬೇಕಿಲ್ಲ. ಪ್ರವಚನದಲ್ಲಿ ಮಾತು ಬಿಟ್ಟ ಕಡೆ ಅರ್ಧ ಸೆಕೆಂಡಿನ ಕತ್ತಲೆಯನ್ನು ಹಾಗೆಯೇ ಉಳಿಸಬಹುದು. ಬೇರೆ ದಿನದ ದೃಶ್ಯವಾದರೆ ಅಡಿಯಲ್ಲಿ ದಿನವನ್ನು ಬರೆಯಬಹುದು. ಸಂಕಲಿಸಿದ ಪ್ರತಿಯನ್ನು ಹಂಚುವ ಮೊದಲು ಮುನಿಗಳಿಗೋ ಅವರ ಸಂಘದವರಿಗೋ ಒಮ್ಮೆ ಕೇಳಿಸಬಹುದು. ಕತ್ತರಿಸದ ಮೂಲಚಿತ್ರಣದ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ, ತಾಡವಾಲೆಗಳನ್ನು ಕಾಯುವಷ್ಟೇ ಎಚ್ಚರಿಕೆಯಿಂದ, ಕಾಪಿಡಬೇಕು. ಸದ್ಯ ಹಲವೆಡೆ ನಡೆಯುತ್ತಿರುವುದು ಇದರ ವಿರುದ್ಧ: ಸಂಕಲಿತ ಪ್ರತಿ ಸಿದ್ಧವಾದೊಡನೆ, ಜಾಗ ಸಾಲದೆಂದು ಮೂಲವನ್ನು ಅಳಿಸಿಬಿಡಲಾಗುತ್ತದೆ.