ಬಾರಿನ ಮೂಲೆಯ ಹಳೆಯ ವಿಡಿಯೋ ಗೇಮ್: 51ನೇ ಕಲಮಿಗೆ ಒಂದು ವ್ಯಾಖ್ಯಾನ

ಬಳ್ಳಾರಿಯಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಬಾರ್ ಅಂಡ್ ರೆಸ್ಟೋರೆಂಟ್ ನಡೆಸುವವರಿಗೆ ಅಬಕಾರಿ ನಿಯಮಗಳು ಬಾಯಿಪಾಠವಾಗಿರುತ್ತವೆ. ಸಿಎಲ್-9 ಸನ್ನದು ಎಂದರೇನು, ಅದರ ನವೀಕರಣ ಯಾವಾಗ ಎಂಬುದನ್ನು ಯಾರೂ ಅವರಿಗೆ ಹೇಳಿಕೊಡಬೇಕಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವರಿಗೆಂದೇ ಬರೆದಂತಿರುವ ಒಂದು ವಾಕ್ಯವಿದೆ. 51ನೇ ಕಲಮಿನ (ಎ) ಖಂಡದ ಎರಡನೆಯ ಉಪಖಂಡ ಅದು. ಗಿರಾಕಿಗಳ ಮನರಂಜನೆಗೆಂದು ಮೂಲೆಯಲ್ಲಿ ಹಳೆಯ ವಿಡಿಯೋ ಗೇಮ್ ಇಡಬೇಕೆನ್ನುವವರು ಅದನ್ನು ಮೊದಲು ಓದಬೇಕು. ಜಪಾನಿನಲ್ಲಿ ಇಂಥ ಬಾರುಗಳನ್ನು 'ಗೇಮ್ ಬಾರ್' ಎಂದೇ ಕರೆಯುತ್ತಾರೆ. 2018ರಲ್ಲಿ ಕೋಬೆ, ಕ್ಯೋಟೊ ನಗರಗಳಲ್ಲಿ ಅವುಗಳ ಮಾಲೀಕರನ್ನು ಪೊಲೀಸರು ಬಂಧಿಸಿದರು. ಅನುಮತಿಯಿಲ್ಲದೆ ಆಟದ ಚಿತ್ರವನ್ನು ಗಿರಾಕಿಗಳಿಗೆ ಪರದೆಯ ಮೇಲೆ ತೋರಿಸಿದ್ದಾರೆ ಎಂಬುದು ಅವರ ಮೇಲಿದ್ದ ಆರೋಪ.

ನಮ್ಮ ಉಪಖಂಡದ ತಾತ್ಪರ್ಯವನ್ನು ಕನ್ನಡದಲ್ಲಿ ಹೀಗೆ ಇಡಬಹುದು: ಯಾವನೇ ವ್ಯಕ್ತಿ, ಯಾವುದೇ ಸ್ಥಳವನ್ನು, ಲಾಭಕ್ಕಾಗಿ, ಕೃತಿಯೊಂದನ್ನು ಸಾರ್ವಜನಿಕರಿಗೆ ತಲುಪಿಸಲು ಬಿಟ್ಟುಕೊಟ್ಟು, ಹಾಗೆ ತಲುಪಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗಿದ್ದರೆ, ಅವನೂ ಉಲ್ಲಂಘಿಸಿದಂತೆಯೇ, ಅದು ಉಲ್ಲಂಘನೆಯೆಂದು ಅವನಿಗೆ ಗೊತ್ತಿರದೆ, ಹಾಗೆ ಭಾವಿಸಲು ಸಕಾರಣವೂ ಇರದಿದ್ದ ಪಕ್ಷದಲ್ಲಿ ಮಾತ್ರ ಹಾಗಲ್ಲ.

ಯಾವುದೇ ಸ್ಥಳವನ್ನು

ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಬಳ್ಳಾರಿಯ ಹವಾನಿಯಂತ್ರಿತ ಬಾರೂ ಸ್ಥಳವೇ, ಕುರುಗೋಡಿನ ಜಾತ್ರೆಯಲ್ಲಿ ನಾಲ್ಕು ದಿನಕ್ಕೆ ಹಾಕಿದ ಟೆಂಟೂ ಸ್ಥಳವೇ.

ಲಾಭಕ್ಕಾಗಿ ಬಿಟ್ಟುಕೊಟ್ಟು

'ನಾವು ಆಟಕ್ಕೆ ದುಡ್ಡು ತಗೊಳ್ಳೋದಿಲ್ಲರೀ' ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಆಟ ಪುಕ್ಕಟೆ, ಆದರೆ ಆಡುವವನು ಇನ್ನೊಂದು ತಾಸು ಕುಳಿತು ಇನ್ನೊಂದು ಬಾಟಲಿ ತರಿಸುತ್ತಾನೆ. ಲಾಭ ಗಲ್ಲಾಪೆಟ್ಟಿಗೆಗೆ ಬರುವ ದಾರಿ ಅಷ್ಟು ಸ್ಪಷ್ಟವಾಗಿರುವಾಗ, ಯಂತ್ರಕ್ಕೆ ನಾಣ್ಯ ಹಾಕುವ ಕಿಂಡಿ ಇಲ್ಲ ಎಂಬುದನ್ನು ನ್ಯಾಯಾಲಯ ದೊಡ್ಡದು ಮಾಡಲಾರದು.

ಬಿಟ್ಟುಕೊಡುವುದು ಎಂಬಲ್ಲಿ ಇನ್ನೊಂದು ಎಚ್ಚರ ಬೇಕು. ಬೇರೆಯವನು ಯಂತ್ರ ತಂದಿಟ್ಟು ಪಾಲಿನ ಮೇಲೆ ನಡೆಸಿದರೆ ಹೊಣೆ ಅವನದು ಮಾತ್ರ ಎಂದು ಅನೇಕರ ನಂಬಿಕೆ. ಯಂತ್ರದವನು ಮೊದಲ ಉಪಖಂಡದಲ್ಲಿ ಸಿಗುತ್ತಾನೆ. ಎರಡನೆಯದು ಇರುವುದೇ ಜಾಗ ಕೊಟ್ಟವನಿಗಾಗಿ.

ಕೃತಿಯೊಂದನ್ನು

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಡಿಯೋ ಗೇಮ್ ಎಂಬ ಹೆಸರಿನ ಕೃತಿ ನಮ್ಮ ಕಾಯ್ದೆಯಲ್ಲಿಲ್ಲ. ಅದರ ಒಳಗಿನ ಪ್ರೋಗ್ರಾಮು ಸಾಹಿತ್ಯ ಕೃತಿಯ ವ್ಯಾಖ್ಯೆಗೆ ಸೇರುತ್ತದೆ, ಅದರ ಹಾಡು ಸಂಗೀತ ಕೃತಿ, ಪರದೆಯ ಮೇಲೆ ಓಡುವ ಚಿತ್ರ ಸಿನಿಮಾ ಚಿತ್ರದ ವ್ಯಾಖ್ಯೆಗೆ ಬರಬಹುದು. ಆಡುವವನು ಗುಂಡಿ ಒತ್ತಿದಂತೆ ಚಿತ್ರ ಬದಲಾಗುತ್ತದಲ್ಲ, ಅದು ಸಿನಿಮಾ ಹೇಗಾದೀತು ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಟೋಕಿಯೊ ಜಿಲ್ಲಾ ನ್ಯಾಯಾಲಯ 1984ರಲ್ಲಿ ಪ್ಯಾಕ್-ಮ್ಯಾನ್ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟು, ಆಟದ ಚಿತ್ರವನ್ನು ಸಿನಿಮಾ ಕೃತಿಯೆಂದೇ ಪರಿಗಣಿಸಿತು. ಆಟಗಾರ ಹೊಸದೇನನ್ನೂ ಸೃಷ್ಟಿಸುವುದಿಲ್ಲ, ಒಳಗೆ ತುಂಬಿಟ್ಟ ಚಿತ್ರಗಳಲ್ಲಿ ಯಾವುದು ಯಾವಾಗ ಬರಬೇಕೆಂದು ಆರಿಸುತ್ತಾನೆ, ಅಷ್ಟೆ. ಈ ತರ್ಕ ನಮ್ಮ ಕಾಯ್ದೆಯ ಮಾತುಗಳಿಗೂ ಹೊಂದುತ್ತದೆ ಎನ್ನುವುದು ನನ್ನ ಓದು.

ಇನ್ನು 'ಹಳೇ ಆಟ ತಾನೆ' ಎಂಬ ಸಮಾಧಾನ. ಸಿನಿಮಾ ಚಿತ್ರಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ. ಆ ಲೆಕ್ಕದಲ್ಲಿ 1980ರ ಪ್ಯಾಕ್-ಮ್ಯಾನ್ 2040ರ ಕೊನೆಯವರೆಗೆ, 1985ರ ಸೂಪರ್ ಮಾರಿಯೊ ಬ್ರದರ್ಸ್ 2045ರ ಕೊನೆಯವರೆಗೆ ಒಡೆಯರ ಸೊತ್ತು. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಹುಡುಗರು ಬಾಡಿಗೆಗೆ ತಂದು ಆಡಿದ ಹಳದಿ ಕ್ಯಾಸೆಟ್ಟುಗಳ ಮೇಲೆ ಕಂಪನಿಯ ಹೆಸರೇ ಇರುತ್ತಿರಲಿಲ್ಲ. ಹೆಸರಿಲ್ಲದ ಮಾತ್ರಕ್ಕೆ ಒಡೆಯರಿಲ್ಲ ಎಂದಾಗದು. ಅವು ನಕಲುಗಳು, ನಕಲಿನ ತಪ್ಪಿಗೆ ಬೇರೆಯೇ ಕಲಮುಗಳಿವೆ.

ಸಾರ್ವಜನಿಕರಿಗೆ ತಲುಪಿಸಲು

ಕಾಯ್ದೆಯ 2ನೇ ಕಲಮಿನಲ್ಲಿ ಇದರ ವ್ಯಾಖ್ಯೆ ಬಹಳ ಅಗಲವಾಗಿದೆ. ನೋಡಲು, ಕೇಳಲು ಅಥವಾ ಬೇರೆ ರೀತಿಯಲ್ಲಿ ಸವಿಯಲು ಸಿಗುವಂತೆ ಇಟ್ಟರೆ ಸಾಕು. ಯಾರಾದರೂ ನಿಜಕ್ಕೂ ನೋಡಿದರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಬೇಸಿಗೆಯ ಮಧ್ಯಾಹ್ನ ಖಾಲಿ ಬಿದ್ದ ಬಾರಿನಲ್ಲಿ ಪರದೆ ತನ್ನಷ್ಟಕ್ಕೆ ಆಡುತ್ತಿದ್ದರೂ ಅದು ತಲುಪಿಸಿದಂತೆಯೇ. ಹೋಟೆಲಿನ ವಾಸದ ಕೊಠಡಿಗಳನ್ನೂ ಈ ವ್ಯಾಖ್ಯೆಯ ವಿವರಣೆ ಒಳಗೊಳ್ಳುತ್ತದೆ.

ಮನೆಯಲ್ಲಿ ಆಡಲು ಕೊಂಡ ಅಸಲಿ ಕ್ಯಾಸೆಟ್ಟನ್ನು ಬಾರಿನಲ್ಲಿಟ್ಟರೆ? ಅಸಲಿ ಪ್ರತಿಯನ್ನು ಕೊಂಡವನಿಗೆ ಆ ವಸ್ತುವಿನ ಮೇಲೆ ಒಡೆತನ ಬರುತ್ತದೆ, ಅದನ್ನು ಜನರ ಮುಂದೆ ಪ್ರದರ್ಶಿಸುವ ಹಕ್ಕು ಬರುವುದಿಲ್ಲ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1989ರಲ್ಲಿ, ಡಬಲ್ ಡ್ರ್ಯಾಗನ್ ಆಟದ ಅಸಲಿ ಬೋರ್ಡುಗಳನ್ನು ಜಪಾನಿನಿಂದ ತರಿಸಿ ನಡೆಸುತ್ತಿದ್ದ ಆರ್ಕೇಡಿನ ವಿಷಯದಲ್ಲಿ ಹೀಗೆಯೇ ಹೇಳಿತು. ಅದರಿಂದ ಸಣ್ಣ ವ್ಯಾಪಾರಿಗಳಿಗೆ ಅನ್ಯಾಯವಾಗುತ್ತದೆಂದು ಅಲ್ಲಿನ ಸಂಸತ್ತು 1990ರಲ್ಲಿ, ನಾಣ್ಯ ಹಾಕಿ ಆಡುವ ಅಸಲಿ ಯಂತ್ರಗಳಿಗೆ ವಿನಾಯಿತಿ ತಂದಿತು. 1995ರ ಅಕ್ಟೋಬರ್ 1ಕ್ಕೆ ಅದರ ಅವಧಿ ಮುಗಿಯಿತು. ನಮ್ಮಲ್ಲಿ ಅಂಥ ವಿನಾಯಿತಿ ಒಂದು ದಿನದ ಮಟ್ಟಿಗೂ ಇರಲಿಲ್ಲ.

ಕರ್ನಾಟಕದಲ್ಲಿ ವಿಡಿಯೋ ಗೇಮ್ ನ್ಯಾಯಾಲಯದ ಮೆಟ್ಟಿಲೇರಿದ್ದು ಬೇರೆ ಕಾರಣಕ್ಕೆ. ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ವಿಡಿಯೋ ಗೇಮ್ ಕೇಂದ್ರಗಳಿಗೆ ಪೊಲೀಸ್ ಪರವಾನಗಿ ಬೇಕೆಂಬ ನಿಯಂತ್ರಣವನ್ನು ಎತ್ತಿಹಿಡಿಯಿತು. ಅಲ್ಲಿ ಚರ್ಚೆಯಾದದ್ದು ಆಟದಲ್ಲಿ ಅದೃಷ್ಟವೆಷ್ಟು, ಜೂಜಾಟವೆಷ್ಟು ಎಂಬುದು. ಆ ಆಟಗಳನ್ನು ಬರೆದವರು ಯಾರು, ಅವರಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆ ಅಲ್ಲಿರಲಿಲ್ಲ. ಹಾಗಾಗಿ ಪೊಲೀಸ್ ಪರವಾನಗಿ ಕೈಯಲ್ಲಿದ್ದರೆ ಎಲ್ಲ ಮುಗಿಯಿತು ಎಂಬ ಭಾವನೆ ಬೇರೂರಿದೆ. ಅದು ತಪ್ಪು. ಎರಡೂ ಬೇರೆ ಬೇರೆ.

ಗೊತ್ತಿರದೆ, ಭಾವಿಸಲು ಸಕಾರಣವೂ ಇರದೆ

ಇಡೀ ವಾಕ್ಯದ ಜೀವ ಇಲ್ಲಿದೆ. ಬಾರಿನವನಿಗೆ ಕಾಯ್ದೆ ಕೊಟ್ಟ ಆಸರೆ ಇದೊಂದೇ, ಆದರೆ ಅದಕ್ಕೆ ಎರಡು ಷರತ್ತು. ಗೊತ್ತಿರಬಾರದು, ಗೊತ್ತಾಗಬೇಕಾದ ಕಾರಣವೂ ಇರಬಾರದು. ಸಾವಿರಾರು ಆಟ ತುಂಬಿದ, ತಯಾರಕರ ಹೆಸರಿಲ್ಲದ ಪೆಟ್ಟಿಗೆಯನ್ನು ಅಗ್ಗಕ್ಕೆ ಕೊಂಡವನು ಎರಡನೆಯ ಷರತ್ತಿನಲ್ಲಿ ಮುಗ್ಗರಿಸುತ್ತಾನೆ. ಅದನ್ನು ದಾಟಿದರೂ ಆಸರೆ ಉಳಿಯುವುದು ಮೊದಲ ನೋಟಿಸ್ ಬರುವವರೆಗೆ. ಬಂದ ಮೇಲೆ 'ಗೊತ್ತಿರಲಿಲ್ಲ' ಎನ್ನಲಾಗದು.

ಆಮೇಲೆ ಅವನು ಎಲ್ಲಿಗೆ ಹೋಗಬೇಕು? ನನಗೆ ಬಹಳ ಕಾಲದಿಂದ ಬೇಸರ ತರುವ ಸಂಗತಿ ಇದು. ಬಾರಿನಲ್ಲಿ ಹಾಡು ಹಾಕುವವನಿಗೆ ಪಿಪಿಎಲ್, ಐಪಿಆರ್‌ಎಸ್ ಎಂಬ ಸಂಸ್ಥೆಗಳಿವೆ, ದರಪಟ್ಟಿಯಿದೆ, ಹಣ ಕಟ್ಟಿದರೆ ರಸೀದಿ ಸಿಗುತ್ತದೆ. ಆ ದರ ವಸೂಲಿಯ ಅಧಿಕಾರ ಯಾರಿಗೆ ಎಂಬುದರ ಮೇಲೆ ಬಾಂಬೆ ಹೈಕೋರ್ಟ್ 2024ರಲ್ಲಿ ಒಂದು ರೀತಿ, ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2025ರಲ್ಲಿ ಇನ್ನೊಂದು ರೀತಿ ಹೇಳಿದ್ದು ನಿಜ. ಆದರೂ ಕೇಳಲು ಒಂದು ಬಾಗಿಲಿದೆ. ಹಳೆಯ ಆಟಗಳಿಗೆ ಅಂಥ ಬಾಗಿಲಿಲ್ಲ. ಸಿರುಗುಪ್ಪದ ಬಾರಿನವನೊಬ್ಬ ಪ್ರಾಮಾಣಿಕವಾಗಿ ಹಣ ಕಟ್ಟುತ್ತೇನೆಂದರೂ ಕ್ಯೋಟೊದಲ್ಲಿರುವ ನಿಂಟೆಂಡೊಗೆ ಪತ್ರ ಬರೆದು ಕಾಯಬೇಕು. ಸಾರ್ವಜನಿಕರಿಂದ ತಡೆಹಿಡಿದ ಕೃತಿಗೆ ಕಡ್ಡಾಯ ಲೈಸೆನ್ಸ್ ಕೇಳಲು 31ನೇ ಕಲಮು, ಒಡೆಯನ ಪತ್ತೆಯೇ ಇಲ್ಲದ ಕೃತಿಗೆ 31ಎ ಇವೆ. ಆದರೆ ಆ ದಾರಿಯ ಖರ್ಚು ಒಂದು ಮೂಲೆಯ ಯಂತ್ರದ ಆದಾಯಕ್ಕಿಂತ ಎಷ್ಟೋ ಪಾಲು ಹೆಚ್ಚಾದೀತು. ಆಟ ಬರೆದವರಿಗೆ ಅವರ ಪಾಲು ಸಿಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೊದಲು ದರಪಟ್ಟಿ ಬರಲಿ, ಆಮೇಲೆ ಪೊಲೀಸರು ಬರಲಿ.

ಉಲ್ಲಂಘಿಸಿದಂತೆಯೇ

ಇದರ ಫಲ 63ನೇ ಕಲಮಿನಲ್ಲಿದೆ: ಗೊತ್ತಿದ್ದೂ ಉಲ್ಲಂಘಿಸಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. 64ನೇ ಕಲಮಿನಂತೆ ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ವಾರಂಟಿಲ್ಲದೆ ನಕಲುಗಳನ್ನು ಜಪ್ತಿ ಮಾಡಬಹುದು. 63ನೇ ಕಲಮಿನದು ಜಾಮೀನು ರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರ ಮೇ 20ರಂದು ಹೇಳಿದೆ. ಅದರ ಮೇಲೆ ಕರ್ನಾಟಕದ ಗೂಂಡಾ ಕಾಯ್ದೆಗೆ 2014ರಲ್ಲಿ, ಕೃತಿಸ್ವಾಮ್ಯ ಉಲ್ಲಂಘಿಸುವ 'ಡಿಜಿಟಲ್ ಅಪರಾಧಿ'ಗಳನ್ನೂ ಸೇರಿಸಲಾಗಿದೆ. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಂಥ ಅಧಿಕಾರವನ್ನು ಬಾರಿನ ಮೂಲೆಯ ಮಾರಿಯೊ ಮೇಲೆ ಬಳಸಿದರೆ ಅದು ಘೋರ ಅನ್ಯಾಯ.

ನೋಟಿಸ್ ಬಂದವನು ಹೆದರಿ ಸುಮ್ಮನೆ ಹಣ ಎಣಿಸಿಕೊಡಬೇಕಿಲ್ಲ. ಯಂತ್ರವನ್ನು ಅಂದೇ ನಿಲ್ಲಿಸಲಿ. ಯಾವ ಆಟ, ಯಾವ ಹಕ್ಕು, ಆ ಹಕ್ಕು ನಿಮ್ಮದೆಂಬುದಕ್ಕೆ ದಾಖಲೆ ಏನು ಎಂದು ಬರವಣಿಗೆಯಲ್ಲಿ ಕೇಳಲಿ. ಆಧಾರವಿಲ್ಲದೆ ಬೆದರಿಸುವವರ ವಿರುದ್ಧ 60ನೇ ಕಲಮಿದೆ: ಬೆದರಿಕೆಗೊಳಗಾದವನು ತಾನೇ ದಾವೆ ಹೂಡಿ, ಉಲ್ಲಂಘನೆ ನಡೆದಿಲ್ಲವೆಂಬ ಘೋಷಣೆ, ಬೆದರಿಕೆ ಮುಂದುವರಿಯದಂತೆ ತಡೆಯಾಜ್ಞೆ, ಆದ ನಷ್ಟಕ್ಕೆ ಪರಿಹಾರ ಕೇಳಬಹುದು. ನೋಟಿಸ್ ಕಳಿಸಿದವರು ತಡಮಾಡದೆ ತಾವೇ ಉಲ್ಲಂಘನೆಯ ದಾವೆ ಹೂಡಿ ನಡೆಸಿದರೆ ಮಾತ್ರ ಈ ಕಲಮು ಅನ್ವಯಿಸುವುದಿಲ್ಲ.