ದೂರದ ಕಾವು: ಒಂದು ಉಪಮಾನದ ವಿಮರ್ಶೆ

ಗುರು, ಯುರೇನಸ್ ಮೊದಲಾದ ಮಹಾಗ್ರಹಗಳ ವಾಯುಮಂಡಲದ ಉಷ್ಣತೆಯನ್ನು ದೂರದಿಂದಲೇ ಅಳೆಯುವ ಬಗೆಯನ್ನು ವಿವರಿಸ ಹೊರಟ ಕನ್ನಡ ಲೇಖಕನಿಗೆ ಮೊದಲು ಹೊಳೆಯುವ ಉಪಮಾನವು ಕಮ್ಮಾರನದು. ಬಳ್ಳಾರಿ ಸೀಮೆಯ ಸಿರಿಗೇರಿಯಲ್ಲಾಗಲಿ ಮತ್ತೆಲ್ಲಿಯೇ ಆಗಲಿ, ಕುಲುಮೆಯ ಮುಂದೆ ಕುಳಿತವನು ಕಬ್ಬಿಣವನ್ನು ಮುಟ್ಟದೆ ಬಣ್ಣದಿಂದಲೇ ಅದರ ಕಾವನ್ನು ಅರಿಯುತ್ತಾನಷ್ಟೆ. ಖಗೋಳಜ್ಞನೂ ಹಾಗೆಯೇ ಎಂದು ಹೇಳಿ ಮುಂದೆ ಸಾಗುವುದುಂಟು. ಉಪಮಾನವು ಸೊಗಸಾದುದೇ ಸರಿ. ಉಪಮೇಯಕ್ಕೆ ಅದು ಒಪ್ಪುವುದೇ ಎಂಬುದು ವಿಚಾರಾರ್ಹವಾಗಿದೆ.

ಕಬ್ಬಿಣಕ್ಕೆ ಹೊರಮೈ ಉಂಟು. ಗುರುವಿಗೆ ಅಂತಹ ಗಟ್ಟಿ ಮೈ ಇಲ್ಲ. ಅಲ್ಲಿಂದ ಬರುವ ಅವಗೆಂಪು ಕಿರಣಗಳು ತಮ್ಮ ತರಂಗದೂರಕ್ಕೆ ತಕ್ಕಂತೆ ಬೇರೆ ಬೇರೆ ಆಳಗಳಿಂದ ಹೊರಡುತ್ತವೆ. ಅನಿಲವು ಬಹಳವಾಗಿ ಹೀರುವ ಕಿರಣಗಳು ಮೇಲಣ ಪದರದ ವಾರ್ತೆಯನ್ನೂ, ಅಷ್ಟಾಗಿ ಹೀರದವು ಕೆಳಗಣ ಪದರದ ವಾರ್ತೆಯನ್ನೂ ತರುತ್ತವೆ. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಶೋಧಕವು ಗುರುವಿನೊಳಕ್ಕೆ ಇಳಿದಾಗ, ಒತ್ತಡವು 1 ಬಾರ್ ಇರುವಲ್ಲಿ ಉಷ್ಣತೆ 166 ಕೆಲ್ವಿನ್ ಎಂದು ತಿಳಿಯಿತು. ಗ್ರಹದ ಒಟ್ಟು ವಿಕಿರಣದಿಂದ ಗಣಿಸಿದ ಉಷ್ಣತೆಯಾದರೋ ಸುಮಾರು 124 ಕೆಲ್ವಿನ್. ಎರಡೂ ಸತ್ಯವೇ. ಯಾವ ಮಟ್ಟದಲ್ಲಿ ಎಂಬುದನ್ನು ತಿಳಿಸದೆ ‘ಗುರುವಿನ ಉಷ್ಣತೆ ಇಷ್ಟು’ ಎಂದು ಬರೆದರೆ ಮಾತ್ರ ಅದು ಅಧಿಕರಣವನ್ನು ಕಳೆದುಕೊಂಡ ವಾಕ್ಯವಾಗುತ್ತದೆ.

ಎರಡನೆಯ ವಿಧಾನದಲ್ಲಿ ಈ ಉಪಮಾನವು ಪೂರ್ತಿಯಾಗಿ ಸೋಲುತ್ತದೆ. ಗ್ರಹವು ನಕ್ಷತ್ರವೊಂದನ್ನು ಮರೆಮಾಡುವಾಗ ನಕ್ಷತ್ರದ ಬೆಳಕು ಥಟ್ಟನೆ ಆರದೆ ಮೆಲ್ಲನೆ ಕುಂದುತ್ತದೆ. ಅನಿಲವು ಬೆಚ್ಚಗಿದ್ದಷ್ಟೂ ವಾಯುಮಂಡಲವು ಎತ್ತರಕ್ಕೆ ಹಬ್ಬಿ, ಕುಂದುವಿಕೆಯೂ ನಿಧಾನವಾಗುತ್ತದೆ. 1977ರ ಮಾರ್ಚ್ 10ರಂದು ಯುರೇನಸ್ ಹೀಗೆ ಒಂದು ನಕ್ಷತ್ರದ ಮುಂದೆ ಹಾದುಹೋಗಲಿದ್ದಿತು. ಹಿಂದೂಮಹಾಸಾಗರದ ಮೇಲೆ ವಿಮಾನದಿಂದ ನೋಡಿದ ಎಲಿಯಟ್ ಮತ್ತು ಸಂಗಡಿಗರು ಅರಸಿ ಹೋದುದು ಗ್ರಹದ ವಾಯುಮಂಡಲವನ್ನು; ಅವರಿಗೆ ಅದರೊಡನೆ ಉಂಗುರಗಳೂ ದೊರೆತುವು. ಬೆಂಗಳೂರಿನ ಖಭೌತ ಸಂಸ್ಥೆಗೆ ಸೇರಿದ ಕಾವಲೂರಿನ ವೀಕ್ಷಣಾಲಯದಲ್ಲಿ ಭಟ್ಟಾಚಾರ್ಯ, ಕುಪ್ಪುಸ್ವಾಮಿ ಇವರೂ ಬೆಳಕಿನ ಒಂದು ಕುಂದನ್ನು ಕಂಡು, ಅದು ಹೊಸ ಉಪಗ್ರಹದ್ದೆಂದು ಮೊದಲು ಪ್ರಕಟಿಸಿದರು. ಅವರ ನೋಟದಲ್ಲಿ ದೋಷವಿರಲಿಲ್ಲ. ಕಂಡ ಕುಂದು ಒಂದೇ. ಅದರಿಂದ ಹೊರಟ ಅನುಮಾನಗಳು ಎರಡು. (ನಾನು ಓದಿದ ಕನ್ನಡ ಬರಹಗಳು ಉಂಗುರವನ್ನು ಕೊಂಡಾಡಿ ವಾಯುಮಂಡಲವನ್ನು ಮರೆತಿವೆ.)

ಉಷ್ಣತೆಯ ವಿಷಯವೂ ಹೀಗೆಯೇ. ಬೆಳಕಿನ ಕುಂದು ಪ್ರತ್ಯಕ್ಷ, ಉಷ್ಣತೆ ಅನುಮೇಯ. ನಡುವಣ ವ್ಯಾಪ್ತಿಗೆ ಗ್ರಹದ ಗುರುತ್ವವೂ, ಅನಿಲದಲ್ಲಿ ಜಲಜನಕ ಹೀಲಿಯಂಗಳ ಪ್ರಮಾಣವೂ ಗೊತ್ತಿರಬೇಕು. ಪ್ರಮಾಣವು ಬದಲಾದರೆ ಉಷ್ಣತೆಯ ಅಂಕಿಯೂ ಬದಲಾಗುತ್ತದೆ. ಕಮ್ಮಾರನ ಉಪಮಾನವು ಈ ನಡುವಣ ಮೆಟ್ಟಿಲನ್ನೇ ಮುಚ್ಚಿಬಿಡುತ್ತದೆ. ಆದುದರಿಂದ ಉಪಾಧ್ಯಾಯರು ಅವನನ್ನು ಅವನ ಕುಲುಮೆಗೆ ಬಿಟ್ಟು, ತರ್ಕಶಾಸ್ತ್ರದ ಬೆಟ್ಟದ ಹೊಗೆಯನ್ನು ಪಾಠಕ್ಕೆ ತರುವುದು ಲೇಸು. ಅಲ್ಲಿ ಹೊಗೆಯಿಂದ ಬೆಂಕಿಗೆ ಹೋಗುವ ಮೊದಲು ವ್ಯಾಪ್ತಿಯನ್ನು ಹೇಳಲೇಬೇಕಾಗುತ್ತದೆ.